ಫ್ರೀಜರಿನಲ್ಲಿಟ್ಟ ಹೋರಿ

ಕುಲಶೇಖರದ ಮಾರ್ಸೆಲಿನ್ ಬಾಯಿಯ ಹಟ್ಟಿಯಲ್ಲಿ ಬೊಲ್ಲಿ ಬೆಳಗ್ಗೆಯಿಂದ ಒಂದೇ ಸಮನೆ ಕೂಗುತ್ತಿತ್ತು. ಹಸಿವಿನ ಕೂಗು ಅದಲ್ಲ. ದನ ಸಾಕಿದವರಿಗೆ ಆ ಕೂಗು ಯಾವುದೆಂದು ಹೇಳಿಕೊಡಬೇಕಾಗಿಲ್ಲ. ಮೂರು ವಾರದ ಹಿಂದೆ ಗರ್ಭಧಾರಣೆಯ ಇಂಜೆಕ್ಷನ್ ಹಾಕಿಸಿಕೊಂಡ ದನ ಮತ್ತೆ ಬೆದೆಗೆ ಬಂದು ಕೂಗಿದರೆ ಗರ್ಭ ನಿಲ್ಲಲಿಲ್ಲ ಎಂದೇ ಲೆಕ್ಕ. ಮಾರ್ಸೆಲಿನ್ ಬಾಯಿ ಅಕ್ಕಿ ತೊಳೆದ ಅಕ್ಕಚ್ಚಿನ ಬಕೆಟ್ ಕೆಳಗಿಟ್ಟು, ಬೊಲ್ಲಿಯ ಬಾಲ ಸರಿಸಿ ನೋಡಿದರು. ಲೋಳೆ ಇಳಿಯುತ್ತಿತ್ತು. ಹೀಗಾಗುತ್ತಿರುವುದು ಇದು ಮೂರನೆಯ ಸಲ.

ಬೊಲ್ಲಿ ಎಂದರೆ ತುಳುವಿನಲ್ಲಿ ಬೆಳ್ಳಿ. ಮೈಯೆಲ್ಲ ಕಂದು, ಹಣೆಯಲ್ಲಿ ಮಾತ್ರ ಅಂಗೈ ಅಗಲದ ಬಿಳಿ. ಜೆರ್ಸಿ ಮಿಶ್ರತಳಿಯ ದನ. ಎರಡು ಕರು ಹಾಕಿತ್ತು, ಓಣಿಯ ಹನ್ನೊಂದು ಮನೆಗಳ ಮಕ್ಕಳಿಗೆ ಹಾಲು ಕುಡಿಸಿತ್ತು. ಸುತ್ತ ಫ್ಲ್ಯಾಟುಗಳು ಎದ್ದ ಮೇಲೆ ಆ ಓಣಿಯಲ್ಲಿ ಉಳಿದದ್ದು ಇದೊಂದೇ ಹಟ್ಟಿ. ಮೇಲಿನ ಮಹಡಿಯವರು ಬೆಳಗ್ಗೆ ಬೊಲ್ಲಿಯ ಹಾಲಿನಲ್ಲಿ ಚಾ ಕುಡಿದು, ಮಧ್ಯಾಹ್ನ ಸೆಗಣಿಯ ವಾಸನೆ ಎಂದು ಮೂಗು ಮುಚ್ಚಿಕೊಳ್ಳುವವರು. ಈಗ ಆ ಹಾಲೂ ಬತ್ತುತ್ತ ಬಂದಿತ್ತು. ಗರ್ಭ ನಿಂತರೆ ಬೊಲ್ಲಿ ಉಳಿಯುತ್ತದೆ, ನಿಲ್ಲದಿದ್ದರೆ ಹೋಗುತ್ತದೆ. ಮಾರ್ಸೆಲಿನ್ ಬಾಯಿಯ ಗಂಡ ಜೊಕಿಮ್ ಪೊರ್ಬುಗಳು ಹಾಗೆಂದು ಹೇಳಿ ಆಗಿತ್ತು. ಅಲ್ಲಿ ಕ್ರೈಸ್ತ ಗಂಡಸರನ್ನು ಪೊರ್ಬುಗಳು, ಹೆಂಗಸರನ್ನು ಬಾಯಿ ಎಂದು ಮರ್ಯಾದೆಯಿಂದ ಕರೆಯುತ್ತಾರೆ.

"ಮತ್ತೆ ಬಂತಾ?" ಜೊಕಿಮ್ ಪೊರ್ಬುಗಳು ಜಗಲಿಯಿಂದಲೇ ಕೇಳಿದರು.

"ಬಂತು."

"ಎಂತ ದನ ಮಾರಾಯ್ತಿ ಇದು! ಹಾಲೆಂಡಿನ ಹೋರಿ ಹಾಕಿಸಿದ್ರೂ ಇದಕ್ಕೆ ಹಿಡಿಯುದಿಲ್ಲ ಅಂದ್ರೆ."

ಈ ಹಾಲೆಂಡಿನ ಹೋರಿಯ ವಿಷಯ ಸ್ವಲ್ಪ ಹೇಳಬೇಕು.

ಜೊಕಿಮ್ ಪೊರ್ಬುಗಳು ಕುವೈತಿನಲ್ಲಿ ಇಪ್ಪತ್ತೆರಡು ವರ್ಷ ಮೀನಿನ ಕೋಲ್ಡ್ ಸ್ಟೋರೇಜಿನಲ್ಲಿ ಸೂಪರ್‌ವೈಸರ್ ಆಗಿದ್ದವರು. ಹೊರಗೆ ಬೆಂಕಿಯಂಥ ಬಿಸಿಲು, ಒಳಗೆ ಹಲ್ಲು ಕಟಕಟಿಸುವ ಚಳಿ. ಊರಿಗೆ ಬಂದ ಮೇಲೂ ತಂಪಿನ ವಿಷಯದಲ್ಲಿ ಅವರ ಎದುರು ಯಾರೂ ಬಾಯಿ ಬಿಡುವ ಹಾಗಿರಲಿಲ್ಲ. ಹಿಂದಿನ ಕೋಣೆಯಲ್ಲಿ ಆಳುದ್ದದ ಒಂದು ಫ್ರೀಜರ್ ಇಟ್ಟಿದ್ದರು. ಅದರ ಬಾಗಿಲಿನ ಒಳಮೈಗೆ ಕುವೈತಿನಿಂದ ತಂದ ಥರ್ಮಾಮೀಟರ್ ನೇತುಹಾಕಿದ್ದರು. ಬಂಗುಡೆ, ಸಿಗಡಿ, ಹಬ್ಬಕ್ಕೆಂದು ತೆಗೆದಿಟ್ಟ ಹಂದಿಮಾಂಸ ಎಲ್ಲ ಅದರೊಳಗೆ ಕಲ್ಲಾಗಿ ಮಲಗಿರುತ್ತಿದ್ದವು. ದಿನಕ್ಕೆರಡು ಸಲ ಕನ್ನಡಕ ಏರಿಸಿ ನೋಡಿ, "ಮೈನಸ್ ಇಪ್ಪತ್ತು" ಎಂದು ಹೇಳುವುದು ಅವರ ಕ್ರಮ. ಯಾರೂ ಕೇಳದಿದ್ದರೂ ಹೇಳುತ್ತಿದ್ದರು.

ಮೊದಲೆಲ್ಲ ಬೊಲ್ಲಿಗೆ ಪಶು ಆಸ್ಪತ್ರೆಯವರೇ ಬಂದು ಗರ್ಭಧಾರಣೆ ಮಾಡುತ್ತಿದ್ದರು. ಎರಡು ಕರುವೂ ಹಾಗೆ ಹುಟ್ಟಿದ್ದು. ಆದರೆ ಸರಕಾರದಿಂದ ಸುಲಭವಾಗಿ ಸಿಗುವುದರ ಮೇಲೆ ಪೊರ್ಬುಗಳಿಗೆ ಎಂದೂ ನಂಬಿಕೆ ಇರಲಿಲ್ಲ. ಆಗ ಬಂದವನು ದೀಪೇಶ್. ಹಿಂದೆ ಯಾರೋ ಡಾಕ್ಟರರ ಬ್ಯಾಗ್ ಹಿಡಿದುಕೊಂಡು ತಿರುಗಿ ಕೈಕೆಲಸ ಕಲಿತಿದ್ದ, ಈಗ ಸ್ಕೂಟರಿನಲ್ಲಿ ಮನೆಮನೆಗೆ ಹೋಗುತ್ತಿದ್ದ. ಮೊಬೈಲಿನಲ್ಲಿ ಒಂದು ಹೋರಿಯ ಫೋಟೊ ತೋರಿಸಿದ. ಕಪ್ಪುಬಿಳುಪು ಮೈ, ಗೋಡೆಯಂಥ ಬೆನ್ನು, ಮೂಗಿನಲ್ಲಿ ರಿಂಗು.

"ಹಾಲೆಂಡಿನದ್ದು ಪೊರ್ಬುಲೇ. ಇದರ ಮಗಳು ದಿನಕ್ಕೆ ನಲವತ್ತು ಲೀಟರ್ ಕೊಡ್ತದೆ. ಹತ್ತು ಕಡ್ಡಿ ಉಂಟು ನನ್ನ ಹತ್ರ. ಬೇರೆಯವರಿಗೆ ತೋರಿಸ್ಲೇ ಇಲ್ಲ."

ಕಡ್ಡಿ ಎಂದರೆ ಹೋರಿಯ ವೀರ್ಯ ತುಂಬಿ ಹೆಪ್ಪುಗಟ್ಟಿಸಿದ ಸಣ್ಣ ಪ್ಲಾಸ್ಟಿಕ್ ನಳಿಕೆ. ದೀಪೇಶ್ ಅದನ್ನು ಚಾದ ಫ್ಲಾಸ್ಕಿನಲ್ಲಿ ಐಸ್ ತುಂಬಿಸಿ ತಂದಿದ್ದ. ಪೊರ್ಬುಗಳು ಫ್ಲಾಸ್ಕಿನೊಳಗೆ ಇಣುಕಿ ನೋಡಿ ನಕ್ಕರು.

"ಐಸ್ ಅಂದ್ರೆ ಸೊನ್ನೆ ಡಿಗ್ರಿ ಮಾರಾಯ. ನಿನಗೆ ತಂಪು ಅಂದ್ರೆ ಎಂತ ಅಂತ ಗೊತ್ತುಂಟಾ? ಹತ್ತೂ ಇಲ್ಲಿ ಕೊಡು. ನನ್ನ ಫ್ರೀಜರಲ್ಲಿ ಮೈನಸ್ ಇಪ್ಪತ್ತು ಉಂಟು. ಬೇಕಾದಾಗ ಬಂದು ತೆಗೆದು ಹಾಕು."

ಐಸು ಸಾಲದು ಎಂಬಷ್ಟು ಅವರಿಗೆ ಗೊತ್ತಿತ್ತು. ಹಾಗಾದರೆ ಎಷ್ಟು ಬೇಕು ಎಂದು ಕೇಳುವಷ್ಟು ತಗ್ಗಲು ಮನಸ್ಸು ಬರಲಿಲ್ಲ. ಅರ್ಧ ಗೊತ್ತಿರುವವರು ಮಾಡುವಷ್ಟು ಹಾನಿಯನ್ನು ಏನೂ ಗೊತ್ತಿಲ್ಲದವರು ಮಾಡಲಾರರು. ಗೊತ್ತಿಲ್ಲದವರು ಕೊನೆಗೆ ಯಾರನ್ನಾದರೂ ಕೇಳಿಯಾರು. ಹೀಗೆ ಹಾಲೆಂಡಿನ ಹೋರಿ ಕುಲಶೇಖರದ ಫ್ರೀಜರಿನಲ್ಲಿ ಬಂಗುಡೆಯ ಪಕ್ಕದಲ್ಲಿ ಬಿಡಾರ ಹೂಡಿತು.

ಬೊಲ್ಲಿ ಮೂರನೆಯ ಸಲ ಕೂಗಿದ ಆ ದಿನವೇ ಪಶು ಆಸ್ಪತ್ರೆಯ ಸಮೀನಾ ಓಣಿಗೆ ಬಂದಳು. ಕಾಲುಬಾಯಿ ರೋಗದ ಚುಚ್ಚುಮದ್ದು ಹಾಕಲು ಬಂದದ್ದು. ನೇತ್ರಾವತಿಯ ಆಚೆಗಿನ ತೊಕ್ಕೊಟ್ಟಿನ ಹುಡುಗಿ. ಊರಿನ ಆಸ್ಪತ್ರೆಗೆ ಬರುವ ಮೊದಲು ಘಟ್ಟದ ಮೇಲೆ ಒಂದು ವೀರ್ಯ ಕೇಂದ್ರದ ಲ್ಯಾಬಿನಲ್ಲಿ ಮೂರು ವರ್ಷ ಕೆಲಸ ಮಾಡಿದವಳು. ಬೊಲ್ಲಿಯ ಕಿವಿಗೆ ಹಳದಿ ನಂಬರ್ ಬಿಲ್ಲೆ ಹಾಕಿದವಳೂ ಅವಳೇ.

"ಬಾಯಿ, ಇದು ಬೆದೆಯಲ್ಲಿ ಉಂಟಲ್ಲ. ಎಷ್ಟನೇ ಸಲ?" ಸಮೀನಾ ಕೇಳಿದಳು.

"ಮೂರು ಸಲ ಹಾಕಿಸಿ ಆಯ್ತು. ನಿಲ್ಲುದೇ ಇಲ್ಲ ನೋಡು."

ಸಮೀನಾ ಉದ್ದನೆಯ ಕೈಗವಸು ಹಾಕಿಕೊಂಡು ಬೊಲ್ಲಿಯನ್ನು ಪರೀಕ್ಷೆ ಮಾಡಿದಳು. ಇಳಿಯುತ್ತಿದ್ದ ಲೋಳೆಯನ್ನು ಬೆಳಕಿಗೆ ಹಿಡಿದು ನೋಡಿದಳು.

"ಗರ್ಭಕೋಶ ಚೊಕ್ಕ ಉಂಟು. ಲೋಳೆಯೂ ತಿಳಿಯಾಗಿ ಉಂಟು, ಕೀವು ಇಲ್ಲ. ದನದ್ದು ಎಂತ ತೊಂದ್ರೆ ಕಾಣುದಿಲ್ಲ ಬಾಯಿ. ಹೋರಿ ಯಾವುದು?"

"ಹಾಲೆಂಡಿನದ್ದು," ಎಂದರು ಪೊರ್ಬುಗಳು ಜಗಲಿಯಿಂದ ಇಳಿದು ಬರುತ್ತ.

"ಊರು ಕೇಳಿದ್ದಲ್ಲ ಪೊರ್ಬುಗಳೇ. ಹೋರಿಯ ನಂಬರ್ ಎಷ್ಟು?"

"ಹೋರಿಗೆ ನಂಬರಾ?"

"ನಿಮ್ಮ ದನದ ಕಿವಿಯಲ್ಲಿ ನಂಬರ್ ಉಂಟು. ಅಷ್ಟು ದೂರದಿಂದ ಬಂದ ಹೋರಿಗೆ ಬೇಡವಾ? ಒಳ್ಳೆ ಕೇಂದ್ರದ ಕಡ್ಡಿ ಆದ್ರೆ ಅದರ ಮೇಲೆ ಹೋರಿಯ ನಂಬರ್, ತಳಿ, ಕೇಂದ್ರದ ಹೆಸರು, ತಾರೀಕು ಎಲ್ಲ ಅಚ್ಚು ಹಾಕಿರ್ತಾರೆ. ನಿಮ್ಮ ಕಡ್ಡಿಯಲ್ಲಿ ಎಂತ ಬರೆದಿತ್ತು?"

ಪೊರ್ಬುಗಳಿಗೆ ನೆನಪಾಗಲಿಲ್ಲ. ನೋಡಿದ್ದರೆ ತಾನೇ ನೆನಪಾಗುವುದು.

"ಫೋಟೊ ನೋಡಿದ್ದೇನೆ," ಎಂದರು. "ಎಂಥ ಹೋರಿ ಗೊತ್ತುಂಟಾ? ಬಾಗಿಲಲ್ಲಿ ಹಿಡಿಯುದಿಲ್ಲ."

ಸಮೀನಾ ನಗಲಿಲ್ಲ. "ನಾನು ಇದ್ದ ಕೇಂದ್ರದಲ್ಲಿ ಹೋರಿ ಚಂದ ಉಂಟಾ ಅಂತ ಯಾರೂ ನೋಡ್ತಿರ್ಲಿಲ್ಲ. ಮೊದಲು ಅದರ ಅಮ್ಮ ಎಷ್ಟು ಹಾಲು ಕೊಟ್ಟಿದೆ ಅಂತ ಕೇಳುದು. ಆಮೇಲೆ ಹೋರಿಯನ್ನು ಎರಡು ತಿಂಗಳು ಬೇರೆ ಹಟ್ಟಿಯಲ್ಲಿ ಕಟ್ಟಿ ರಕ್ತ ಪರೀಕ್ಷೆ. ಕ್ಷಯ ಉಂಟಾ, ಗಬ್ಬ ಇಳಿದು ಕಂದು ಹಾಕುವ ರೋಗ ಉಂಟಾ ಅಂತ. ಕೇಂದ್ರಕ್ಕೆ ಬಂದ ಮೇಲೂ ಆ ಪರೀಕ್ಷೆ ಆಗ್ತಾ ಇರ್ತದೆ. ಯಾಕೆ ಅಂದ್ರೆ, ಒಂದು ಹೋರಿಗೆ ರೋಗ ಇದ್ದು ನಾವು ನೋಡದೆ ಬಿಟ್ರೆ, ಅದು ಸಾವಿರ ಹಟ್ಟಿಗೆ ಹೋಗ್ತದೆ. ಒಂದೊಂದು ರೋಗ ದನದಿಂದ ಮನುಷ್ಯರಿಗೂ ಬರ್ತದೆ."

"ಅಷ್ಟೆಲ್ಲ ಯಾಕೆ? ಗಂಡು ಗಂಡೇ ಅಲ್ವಾ?"

"ಅಲ್ಲ ಪೊರ್ಬುಗಳೇ. ಆನೆಯ ಹಾಗೆ ಇದ್ದ ಹೋರಿಯನ್ನು ನಾವೇ ವಾಪಸ್ ಕಳಿಸಿದ್ದುಂಟು. ಪ್ರತಿ ಸಲ ವೀರ್ಯ ತೆಗೆದ ಕೂಡ್ಲೇ ಮೈಕ್ರೋಸ್ಕೋಪಿನಲ್ಲಿ ನೋಡುದು. ಎಷ್ಟು ಉಂಟು, ಎಷ್ಟು ಜೀವದಲ್ಲಿ ಉಂಟು, ನೇರ ಓಡ್ತದಾ, ಇಲ್ಲ ನಿಂತಲ್ಲೇ ತಿರುಗ್ತದಾ, ತಲೆ ಬಾಲ ಸರಿ ಉಂಟಾ ಅಂತ. ಹೆಪ್ಪುಗಟ್ಟಿಸಿ, ಮತ್ತೆ ಕರಗಿಸಿ ಪುನಃ ನೋಡುದು. ಕರಗಿಸಿದ ಮೇಲೆ ನೂರರಲ್ಲಿ ಐವತ್ತಾದ್ರೂ ಓಡ್ಬೇಕು. ಇಲ್ಲದಿದ್ರೆ ಆ ದಿನದ್ದು ಪೂರ ಚರಂಡಿಗೆ. ಅದಿರಲಿ, ಈ ಕಡ್ಡಿಯನ್ನು ಎಲ್ಲಿ ಇಟ್ಟಿದ್ದೀರಿ?"

"ನನ್ನ ಫ್ರೀಜರಲ್ಲಿ. ಮೈನಸ್ ಇಪ್ಪತ್ತು."

ಸಮೀನಾ ಕೈಗವಸು ಕಳಚಿದಳು. ಆಮೇಲೆ ಮೆಲ್ಲಗೆ ಹೇಳಿದಳು: "ಅದು ಸಾಲುದಿಲ್ಲ. ದ್ರವ ನೈಟ್ರೋಜನ್ ತುಂಬಿದ ಕ್ಯಾನಿನಲ್ಲಿ ಇಡ್ಬೇಕು. ಮೈನಸ್ ನೂರ ತೊಂಬತ್ತಾರು. ನಿಮ್ಮ ಫ್ರೀಜರ್ ಅದಕ್ಕೆ ಬೆಂಕಿ ಇದ್ದ ಹಾಗೆ. ನಿಮಿಷದಲ್ಲಿ ಸಾಯ್ತದೆ."

"ನೋಡು ಹುಡುಗಿ," ಪೊರ್ಬುಗಳ ಮುಖ ಕೆಂಪಾಯಿತು. "ಇಪ್ಪತ್ತೆರಡು ವರ್ಷ ನಾನು ತಂಪಿನಲ್ಲೇ ಬದುಕಿದವ. ಟನ್ನುಗಟ್ಟಲೆ ಮೀನು ನನ್ನ ಕೈಯಲ್ಲಿ ಹೋಗಿದೆ, ಒಂದು ಮೀನು ಹಾಳಾಗ್ಲಿಲ್ಲ. ತಂಪು ಅಂದ್ರೆ ಎಂತ ಅಂತ ನೀನು ನನಗೆ ಕಲಿಸ್ಬೇಡ."

"ಮೀನು ಮೊದಲೇ ಸತ್ತದ್ದಲ್ವಾ ಪೊರ್ಬುಗಳೇ? ಅದು ಕೊಳೆಯದಿದ್ರೆ ಸಾಕು. ಇದು ಬದುಕಬೇಕು. ಒಂದು ಕೆಲಸ ಮಾಡುವ. ಒಂದು ಕಡ್ಡಿ ನನಗೆ ಕೊಡಿ, ಆಸ್ಪತ್ರೆಯಲ್ಲಿ ನೋಡಿ ಹೇಳ್ತೇನೆ. ಇವತ್ತು ಸಂಜೆ ನಾನೇ ಒಳ್ಳೆ ಕಡ್ಡಿ ತಂದು ಬೊಲ್ಲಿಗೆ ಹಾಕ್ತೇನೆ. ಬೆಳಗ್ಗೆ ಬೆದೆಗೆ ಬಂದದ್ದಕ್ಕೆ ಸಂಜೆ ಹಾಕುದೇ ಸರಿ."

"ನನ್ನ ಹೋರಿಯನ್ನು ಪರೀಕ್ಷೆ ಮಾಡುದು ಬೇಡ. ಮಾಡುದಾದ್ರೆ ದನವನ್ನು ಮಾಡು."

ಸಮೀನಾ ಮಾರ್ಸೆಲಿನ್ ಬಾಯಿಯ ಮುಖ ನೋಡಿದಳು. ಒಂದು ಕಡ್ಡಿ ಕೊಡಿ, ಅದರಿಂದ ನಿಮಗೆ ಹೋಗುವುದೇನು ಎಂದು ಗಂಡನಿಗೆ ಹೇಳುವ ಮಾತು ಮಾರ್ಸೆಲಿನ್ ಬಾಯಿಯ ನಾಲಗೆಯ ತುದಿಗೆ ಬಂದಿತ್ತು. ಆದರೆ ಅವರು ಹೇಳಿದ್ದು, "ಚಾ ಕುಡಿದು ಹೋಗು ಸಮೀನಾ," ಎಂದಷ್ಟೆ. ಮನೆಯಲ್ಲಿ ಶಾಂತಿ ಇರಲಿ ಎಂದು ಹೆಂಗಸರು ನುಂಗಿಕೊಂಡ ಮಾತುಗಳಿಗೆ ಯಾರ್ಯಾರು ಬೆಲೆ ತೆತ್ತಿದ್ದಾರೋ ದೇವರಿಗೇ ಗೊತ್ತು. ಈ ಸಲ ತೆತ್ತದ್ದು ಬೊಲ್ಲಿ.

ಸಂಜೆ ದೀಪೇಶ್ ಬಂದ. ಫ್ರೀಜರಿನಿಂದ ಕಡ್ಡಿ ತೆಗೆದು, ಎರಡು ಅಂಗೈ ನಡುವೆ ಉಜ್ಜಿ ಕರಗಿಸಿ, ಬೊಲ್ಲಿಗೆ ಹಾಕಿ ಹೋದ. ಅವನ ಕೈಗೆ ಮೀನಿನ ವಾಸನೆ ಹತ್ತಿತ್ತು. ಮಾರ್ಸೆಲಿನ್ ಬಾಯಿ ಮರುದಿನದಿಂದ ಕ್ಯಾಲೆಂಡರಿನಲ್ಲಿ ಗೀಟು ಹಾಕತೊಡಗಿದರು. ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು. ಇಪ್ಪತ್ತೊಂದನೆಯ ದಿನ ಬೆಳಗ್ಗೆ ಹಾಸಿಗೆಯಲ್ಲಿ ಮಲಗಿದ್ದಲ್ಲೇ ಆ ಕೂಗು ಕೇಳಿತು. ಬಾಯಿ ಎದ್ದು ಹೋಗಲಿಲ್ಲ. ಶಿಲುಬೆಯ ಗುರುತು ಹಾಕಿಕೊಂಡು ಗೋಡೆಯ ಕಡೆಗೆ ಹೊರಳಿದರು.

"ಈಗ ಎಂತ ಮಾಡುದು? ನೀನೇ ಹೇಳು," ಎಂದರು ಪೊರ್ಬುಗಳು. ಎಲ್ಲವನ್ನೂ ತಾವೇ ತೀರ್ಮಾನ ಮಾಡುವ ಮನುಷ್ಯ, ಹೆಂಡತಿಯನ್ನು ಕೇಳಿದ್ದು ಇದೊಂದನ್ನು.

ಮಾರ್ಸೆಲಿನ್ ಬಾಯಿಗೆ ಸಾಕಾಗಿ ಹೋಗಿತ್ತು. ಹಾಲು ಬೇಕೆಂದು ಬಾಗಿಲಿಗೆ ಬಂದವರಿಗೆ ಇಲ್ಲ ಎಂದು ಹೇಳಿ ಹೇಳಿ ಸಾಕಾಗಿತ್ತು. ಗಂಡನ ಗೊಣಗಾಟ ಕೇಳಿಯೂ ಸಾಕಾಗಿತ್ತು. ಅವರ ಬಾಯಿಂದ ಮಾತು ಬಿದ್ದುಬಿಟ್ಟಿತು.

"ಗೊಡ್ಡು ದನ ಅದು. ಕೊಟ್ಟುಬಿಡಿ."

ಹೇಳಿ ಮುಗಿಸಿದ ಮೇಲೆ ತಮ್ಮ ಧ್ವನಿ ತಮಗೇ ಬೇರೆ ಯಾರದೋ ಎಂಬಂತೆ ಕೇಳಿಸಿತು. ಅದು ಅವರ ಅತ್ತೆಯ ಧ್ವನಿ.

ಮದುವೆಯಾಗಿ ಆರು ವರ್ಷ ಮಾರ್ಸೆಲಿನ್ ಬಾಯಿಗೆ ಮಕ್ಕಳಾಗಿರಲಿಲ್ಲ. ಗಂಡ ಎರಡು ವರ್ಷಕ್ಕೊಮ್ಮೆ ನಲವತ್ತು ದಿನದ ರಜೆಯಲ್ಲಿ ಬರುವವರು. ಆ ನಲವತ್ತು ದಿನದಲ್ಲಿ ಅರ್ಧ ನೆಂಟರ ಮನೆಗೆ ಸೆಂಟು, ಸಾಬೂನು ಹಂಚುವುದರಲ್ಲೇ ಕಳೆಯುತ್ತಿತ್ತು. ಆದರೂ ಊರೆಲ್ಲ ಗೊಡ್ಡು ಎಂದದ್ದು ಮಾರ್ಸೆಲಿನ್ ಬಾಯಿಯನ್ನು. ಬಾಳಂತಿಯ ಮನೆಗೆ ಹೋದರೆ ಮಗುವನ್ನು ಅವರ ಕೈಗೆ ಕೊಡುತ್ತಿರಲಿಲ್ಲ. ನಾಟಿ ಮದ್ದು, ಇಂಗ್ಲಿಷ್ ಮದ್ದು, ಒಂಬತ್ತು ದಿನದ ನೊವೆನಾ ಪ್ರಾರ್ಥನೆ, ಹರಕೆ, ಯಾವುದನ್ನೂ ಬಿಟ್ಟಿರಲಿಲ್ಲ. ಒಮ್ಮೆ ಒಬ್ಬ ಡಾಕ್ಟರಮ್ಮ, ಮುಂದಿನ ಸಲ ಗಂಡ ಬಂದಾಗ ಅವರನ್ನೂ ಪರೀಕ್ಷೆ ಮಾಡಿಸಿ ಎಂದು ಚೀಟಿ ಬರೆದುಕೊಟ್ಟರು. ಅತ್ತೆ ಆ ಚೀಟಿಯನ್ನು ಹರಿದು ಒಲೆಗೆ ಹಾಕಿದರು. ನನ್ನ ಮಗನಿಗೆ ಎಂತ ಕಮ್ಮಿ ಎಂದು ಕೇಳಿದರು. ಆಮೇಲೆ ಒಂದು ವರ್ಷ ವೀಸಾದ ತಾಪತ್ರಯವಾಗಿ ಜೊಕಿಮ್ ಪೊರ್ಬುಗಳು ಏಳು ತಿಂಗಳು ಊರಲ್ಲೇ ಉಳಿದರು. ಆ ವರ್ಷ ಮಗ ಶೆರ್ವಿನ್ ಹೊಟ್ಟೆಯಲ್ಲಿ ನಿಂತ. ಎಲ್ಲರೂ ಮಿಠಾಯಿ ತಿಂದರು. ಆ ಆರು ವರ್ಷಕ್ಕೆ ತಪ್ಪಾಯಿತು ಎಂದು ಯಾರೂ ಹೇಳಲಿಲ್ಲ.

ದಲ್ಲಾಳಿ ಮರುದಿನವೇ ಟೆಂಪೊ ತಂದ. ಬೊಲ್ಲಿ ಹಲಗೆ ಹತ್ತಲಿಲ್ಲ. ಇಬ್ಬರು ಎಳೆದರು, ಒಬ್ಬ ಹಿಂದಿನಿಂದ ದೂಡಿದ. ಕಾಲು ಊರಿ ನಿಂತುಬಿಟ್ಟಿತು. ಕೊನೆಗೆ ಮಾರ್ಸೆಲಿನ್ ಬಾಯಿಯೇ ಬಾಳೆಹಣ್ಣು ಹಿಡಿದು ಮೊದಲು ಟೆಂಪೊ ಹತ್ತಿದರು. ಅವರ ಹಿಂದೆ ಬೊಲ್ಲಿ ಕರುವಿನಂತೆ ಹತ್ತಿತು. ಬಾಯಿ ಪಕ್ಕದಿಂದ ಇಳಿದರು. ದಲ್ಲಾಳಿಯ ಆಳುಗಳು ಹಲಗೆ ಮುಚ್ಚಿದರು.

ನಾಲ್ಕು ದಿನ ಕಳೆದು ಪಲ್ಯಕ್ಕೆಂದು ಸಿಗಡಿ ತೆಗೆಯಲು ಹೋದಾಗ ಫ್ರೀಜರಿನ ಮೂಲೆಯಲ್ಲಿ ಉಳಿದ ಕಡ್ಡಿಗಳು ಮಾರ್ಸೆಲಿನ್ ಬಾಯಿಯ ಕೈಗೆ ಸಿಕ್ಕಿದವು. ಅವರು ಸಿಗಡಿಯನ್ನು ಅಲ್ಲಿಯೇ ಬಿಟ್ಟರು. ಎರಡು ಕಡ್ಡಿಗಳನ್ನು ಟಿಫಿನ್ ಡಬ್ಬಿಯಲ್ಲಿ ಹಾಕಿಕೊಂಡು, ಗಂಡನಿಗೆ ಹೇಳದೆ ರಿಕ್ಷಾ ಹಿಡಿದು ಪಶು ಆಸ್ಪತ್ರೆಗೆ ಹೋದರು.

"ಬೊಲ್ಲಿ ಎಲ್ಲಿ?" ಸಮೀನಾ ಮೊದಲು ಕೇಳಿದ್ದು ಅದನ್ನೇ.

"ಕೊಟ್ಟೆವು."

ಸಮೀನಾ ಡಬ್ಬಿ ತೆಗೆದು ನೋಡಿದಳು. ಕಡ್ಡಿಯ ಮೇಲೆ ನಂಬರ್ ಇರಲಿಲ್ಲ. ಯಾರೋ ಅಚ್ಚನ್ನು ಉಜ್ಜಿ ತೆಗೆದ ಗುರುತು ಮಾತ್ರ ಇತ್ತು.

"ಡಬ್ಬಿಯಲ್ಲಿ ತಂದ ಮೇಲೆ ಇದರಲ್ಲಿ ಜೀವ ಇರ್ಲಿಕ್ಕೇ ಇಲ್ಲ ಬಾಯಿ. ನಿಮ್ಮ ಫ್ರೀಜರಿನಲ್ಲೇ ಮುಗಿದಿರ್ತದೆ. ಆದ್ರೂ ನೀವು ಒಮ್ಮೆ ನೋಡಿ. ಮೊದಲು ಒಳ್ಳೆದು ಹೇಗೆ ಇರ್ತದೆ ಅಂತ ತೋರಿಸ್ತೇನೆ."

ಮೂಲೆಯಲ್ಲಿದ್ದ ಕ್ಯಾನಿನ ಮುಚ್ಚಳ ತೆಗೆದಳು. ಬಿಳಿ ಹೊಗೆ ಉಕ್ಕಿ ನೆಲಕ್ಕೆ ಇಳಿಯಿತು. ಇಕ್ಕುಳದಲ್ಲಿ ಒಂದು ಕಡ್ಡಿ ಎತ್ತಿ, ಉಗುರು ಬೆಚ್ಚಗಿನ ನೀರಿನಲ್ಲಿ ಗಡಿಯಾರ ನೋಡಿ ಅರ್ಧ ನಿಮಿಷ ಇಟ್ಟು, ಒರೆಸಿ, ಒಂದು ಹನಿಯನ್ನು ಗಾಜಿನ ಮೇಲೆ ಹಾಕಿದಳು. ಬಾಯಿ ಕನ್ನಡಕ ತೆಗೆದು ಮೈಕ್ರೋಸ್ಕೋಪಿಗೆ ಕಣ್ಣಿಟ್ಟರು. ಬಾವಿಯಲ್ಲಿ ಮೀನಿನ ಮರಿಗಳು ಓಡುವ ಹಾಗೆ ಸಾವಿರಾರು ಜೀವಗಳು ಒಂದನ್ನೊಂದು ದಾಟಿ ಓಡುತ್ತಿದ್ದವು.

"ಯೇಸುವೇ!" ಎಂದರು ಬಾಯಿ.

ಆಮೇಲೆ ಸಮೀನಾ ಅವರ ಡಬ್ಬಿಯ ಕಡ್ಡಿಯಿಂದ ಒಂದು ಹನಿ ಹಾಕಿದಳು. ಬಾಯಿ ತುಂಬ ಹೊತ್ತು ನೋಡಿದರು. ಕಣ್ಣು ಒರೆಸಿಕೊಂಡು ಮತ್ತೆ ನೋಡಿದರು. ಏನೂ ಅಲುಗಲಿಲ್ಲ. ನಾಲ್ಕು ಸಲ ಬೊಲ್ಲಿಯ ಗರ್ಭಕ್ಕೆ ಹಾಕಿಸಿದ್ದು ಇದನ್ನು.

"ಹಾಗಾದ್ರೆ ಬೊಲ್ಲಿಯದ್ದು ತಪ್ಪಿಲ್ವಾ?" ಎಂದು ಕೇಳಿದರು. ಉತ್ತರ ಗೊತ್ತಿದ್ದೂ ಕೇಳಿದರು.

"ಇಲ್ಲ ಬಾಯಿ. ಇನ್ನೊಂದು ಹೇಳ್ತೇನೆ. ಇದು ಸತ್ತದ್ದೇ ಒಂದು ಲೆಕ್ಕದಲ್ಲಿ ಪುಣ್ಯ. ಹೋರಿ ಯಾವುದು, ಅದಕ್ಕೆ ಎಂತ ರೋಗ ಇತ್ತು, ಯಾರಿಗೂ ಗೊತ್ತಿಲ್ಲ. ಗರ್ಭ ನಿಂತು ಆರು ತಿಂಗಳಿಗೆ ಕಂದು ಹಾಕಿದ್ರೆ ಆಗ ಇನ್ನೂ ಕಷ್ಟ ಇತ್ತು."

ಮರುದಿನ ಬಾಯಿ ಗಂಡನನ್ನು ಕರೆದುಕೊಂಡು ಹೋದರು. ಬರುವುದಿಲ್ಲ ಎಂದವರನ್ನು, ಬರದಿದ್ದರೆ ಇನ್ನು ನಿಮಗೆ ಅನ್ನ ಬಡಿಸುವುದಿಲ್ಲ ಎಂದು ಹೇಳಿ ಕರೆದುಕೊಂಡು ಹೋದರು. ಮೂವತ್ತೈದು ವರ್ಷದ ಸಂಸಾರದಲ್ಲಿ ಅಂಥ ಮಾತು ಅದೇ ಮೊದಲು. ಪೊರ್ಬುಗಳು ಎರಡೂ ಹನಿಗಳನ್ನು ನೋಡಿದರು. ಮೊದಲನೆಯದನ್ನು ಇನ್ನೊಮ್ಮೆ ತೋರಿಸಲು ಹೇಳಿದರು.

"ಮೈನಸ್ ಇಪ್ಪತ್ತು ಇತ್ತು," ಎಂದರು ಕೊನೆಗೆ. ಧ್ವನಿಯಲ್ಲಿ ಮೊದಲಿನ ಜೋರು ಇರಲಿಲ್ಲ. "ದಿನಾ ನೋಡ್ತಿದ್ದೆ."

"ನೋಡ್ತಿದ್ರಿ ಪೊರ್ಬುಗಳೇ. ಕೇಳ್ಲಿಲ್ಲ," ಎಂದಳು ಸಮೀನಾ.

ಅಂದೇ ಪೊರ್ಬುಗಳು ದಲ್ಲಾಳಿಗೆ ಫೋನ್ ಮಾಡಿದರು. ಯಾವ ದನ, ಆ ದಿನ ಆರು ದನ ಏರಿಸಿದ್ದೆ, ಯಾರಿಗೆ ಯಾವುದು ಕೊಟ್ಟೆ ಎಂದು ನೆನಪಿಲ್ಲ ಎಂದ ಅವನು. ಎರಡು ಸಲ ಮಾಡಿದ ಮೇಲೆ ಎತ್ತಲೇ ಇಲ್ಲ. ದೀಪೇಶನೂ ಆ ಓಣಿಗೆ ಮತ್ತೆ ಬರಲಿಲ್ಲ. ಬೇರೆ ಓಣಿಗಳಲ್ಲಿ ಇದ್ದಾನೆ. ಫೋಟೊ ಅದೇ ಇರಬೇಕು.

ಖಾಲಿ ಹಟ್ಟಿ ನೋಡಲಾಗದೆ ಎರಡು ತಿಂಗಳ ಮೇಲೆ ಒಂದು ಕಡಸು ತಂದರು. ಅದು ಬೆದೆಗೆ ಬಂದ ದಿನ ಪೊರ್ಬುಗಳೇ ಸಮೀನಾಗೆ ಫೋನ್ ಮಾಡಿದರು. ಅವಳು ಕ್ಯಾನ್ ತೆರೆದಾಗ ಹೊಗೆ ಬರುತ್ತದೆಯೇ ಎಂದು ಬಗ್ಗಿ ನೋಡಿದರು. ಕಡ್ಡಿಯ ಮೇಲಿನ ಹೋರಿಯ ನಂಬರನ್ನು ಗಟ್ಟಿಯಾಗಿ ಓದಿ, ಹಟ್ಟಿಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದರು. ಅದರ ಅಮ್ಮ ಎಷ್ಟು ಹಾಲು ಕೊಟ್ಟಿತ್ತು ಎಂದೂ ಕೇಳಿದರು. ಕಲಿತರು, ನಿಜ. ಕಲಿಯಲು ಬೊಲ್ಲಿ ಹೋಗಬೇಕಾಯಿತು.

ಇನ್ನೂ ಒಂದು ತಿಂಗಳು ಕಳೆದ ಮೇಲೆ ಸಮೀನಾಳ ಫೋನ್ ಬಂತು.

"ಬಾಯಿ, ನಮ್ಮ ತೊಕ್ಕೊಟ್ಟಿನಲ್ಲಿ ಆಚೆ ಓಣಿಯ ಅಲೀಮಮ್ಮನವರು ದಲ್ಲಾಳಿಯಿಂದ ಒಂದು ದನ ತೆಗೊಂಡಿದ್ರು. ಹಣೆಯಲ್ಲಿ ಬಿಳಿ ಉಂಟು. ಕಿವಿಯ ಬಿಲ್ಲೆ ನೋಡಿದೆ. ನಾನೇ ಹಾಕಿದ ನಂಬರ್. ಇವರು ತಂದ ಸಮಯದಲ್ಲಿ ನಾನು ತರಬೇತಿಗೆ ಹೋಗಿದ್ದೆ, ಅಲ್ಲಿಯ ಆಸ್ಪತ್ರೆಯವರು ಬಂದು ಕಡ್ಡಿ ಹಾಕಿದ್ದಂತೆ. ಇವತ್ತು ಪರೀಕ್ಷೆ ಮಾಡ್ಲಿಕ್ಕೆ ನನ್ನನ್ನು ಕರೆದ್ರು. ಮೂರು ತಿಂಗಳ ಗಬ್ಬ ಬಾಯಿ. ಒಂದೇ ಕಡ್ಡಿಗೆ ನಿಂತದ್ದು."

ಗಂಡಹೆಂಡತಿ ಮರುದಿನವೇ ಬಸ್ಸು ಹಿಡಿದರು. ನೇತ್ರಾವತಿಯ ಸೇತುವೆ ದಾಟಿ ತೊಕ್ಕೊಟ್ಟಿನಲ್ಲಿ ಇಳಿದರು.

ಅಲೀಮಮ್ಮ ಎಪ್ಪತ್ತರ ಹತ್ತಿರದ ಹೆಂಗಸು. ಮಗ ಆಶಿಕ್ ಪೇಟೆಯಲ್ಲಿ ಅಂಗಡಿ ಇಟ್ಟಿದ್ದ, ಹಟ್ಟಿ ಅವರ ಪಾಲಿನದು. ಬಂದವರನ್ನು ಕೂರಿಸಿ ಚಾ ಕೊಟ್ಟರು. ಪೊರ್ಬುಗಳು ತಲೆ ತಗ್ಗಿಸಿ ವಿಷಯ ಹೇಳಿ, ನೀವು ಕೊಟ್ಟದ್ದಕ್ಕಿಂತ ಹೆಚ್ಚು ಕೊಡುತ್ತೇವೆ, ದನವನ್ನು ವಾಪಸ್ ಕೊಡಿ ಎಂದು ಕೇಳಿದರು.

"ಇಲ್ಲ ಪೊರ್ಬುಗಳೇ," ಎಂದರು ಅಲೀಮಮ್ಮ. ಕೋಪದಿಂದ ಹೇಳಲಿಲ್ಲ. "ಬರುವಾಗ ಎಲುಬು ಕಾಣ್ತಿತ್ತು. ಮೂರು ದಿನ ಹುಲ್ಲು ಮುಟ್ಲಿಲ್ಲ. ನಾನು ಹತ್ರ ಕೂತು ಕೈಯಲ್ಲಿ ತಿನ್ನಿಸಿದ್ದೇನೆ. ಈಗ ಗಬ್ಬದ ದನವನ್ನು ಹೇಗೆ ಕೊಡುದು ನೀವೇ ಹೇಳಿ. ಬನ್ನಿ, ನೋಡ್ಲಿಕ್ಕೆ ಅಡ್ಡಿ ಇಲ್ಲ."

ಹಟ್ಟಿಯಲ್ಲಿ ಬೊಲ್ಲಿ ಮೆಲುಕು ಹಾಕುತ್ತ ನಿಂತಿತ್ತು. ಮೈ ತುಂಬಿಕೊಂಡಿತ್ತು, ಕೂದಲು ಮಿರಿಮಿರಿ ಎನ್ನುತ್ತಿತ್ತು. ಮಾರ್ಸೆಲಿನ್ ಬಾಯಿ ಕರೆದರು. ಬೊಲ್ಲಿ ಕಿವಿ ತಿರುಗಿಸಿತು, ಕುತ್ತಿಗೆ ನೀಡಿ ಅವರ ಕೈಯನ್ನು ಮೊಣಕೈವರೆಗೂ ನೆಕ್ಕಿತು. ಬಾಯಿಗೆ ಅಳು ತಡೆಯಲಾಗಲಿಲ್ಲ. ಬೊಲ್ಲಿ ಮುಖ ತಿರುಗಿಸಿಕೊಂಡು ದೂರ ನಿಂತಿದ್ದರೆ ಅವರಿಗೆ ಅಷ್ಟು ನೋವಾಗುತ್ತಿರಲಿಲ್ಲ.

ಅಲೀಮಮ್ಮ ಬೊಲ್ಲಿಯ ಬೆನ್ನು ಸವರುತ್ತ ಹೇಳಿದರು: "ಎಂಥ ಒಳ್ಳೆ ದನ! ಇದನ್ನು ಗೊಡ್ಡು ಅಂತ ಹೇಳಿ ಕೊಟ್ಟದ್ದಂತೆ, ದಲ್ಲಾಳಿ ಹೇಳಿದ. ಹಾಗೆ ಹೇಳ್ಲಿಕ್ಕೆ ನಾಲಗೆ ಹೇಗೆ ಬಂತು? ನಿಮ್ಮಲ್ಲಿ ಯಾರು ಹೇಳಿದ್ದು?"

ಪೊರ್ಬುಗಳು ಬಾಯಿ ತೆರೆದರು. ತಪ್ಪನ್ನು ತಮ್ಮ ಮೇಲೆ ಹಾಕಿಕೊಳ್ಳುವ ಮನಸ್ಸು ಅವರಿಗಿತ್ತು. ಆದರೆ ಅಷ್ಟರಲ್ಲಿ ಹೆಂಡತಿ ಮಾತಾಡಿ ಆಗಿತ್ತು.

"ನಾನೇ," ಎಂದರು ಮಾರ್ಸೆಲಿನ್ ಬಾಯಿ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಬೊಲ್ಲಿಯ ಪುಣ್ಯ ದೊಡ್ಡದು, ಅದು ಅಲೀಮಮ್ಮನವರ ಕೈಗೆ ಸಿಕ್ಕಿತು. ಅದೇ ಟೆಂಪೊದಲ್ಲಿ ಹೋದ ಉಳಿದ ಐದು ದನಗಳು ಎಲ್ಲಿಗೆ ಹೋದವೆಂದು ನಮಗೆ ಗೊತ್ತಿಲ್ಲ. ಅವುಗಳಲ್ಲಿ ಎಷ್ಟಕ್ಕೆ ಸತ್ತ ವೀರ್ಯ ಹಾಕಿಸಿ ಗೊಡ್ಡು ಎಂದು ಹೆಸರಿಟ್ಟಿದ್ದರೋ ಅದೂ ಗೊತ್ತಿಲ್ಲ. ನಿಮ್ಮ ಹಟ್ಟಿಗೆ ಇಂಜೆಕ್ಷನ್ ಹಾಕಲು ಯಾರೇ ಬರಲಿ, ಸಂಕೋಚ ಬಿಟ್ಟು ಕಡ್ಡಿಯನ್ನು ತೋರಿಸಲು ಹೇಳಿ. ಅದರ ಮೇಲೆ ಹೋರಿಯ ನಂಬರ್ ಇಲ್ಲದಿದ್ದರೆ ಬೇಡ ಎನ್ನಿ. ನೈಟ್ರೋಜನ್ ಕ್ಯಾನಿನಿಂದ ತೆಗೆಯದೆ ಫ್ಲಾಸ್ಕಿನಿಂದಲೋ ಫ್ರೀಜರಿನಿಂದಲೋ ತೆಗೆದರೆ ಬಂದ ದಾರಿಯಲ್ಲೇ ಕಳಿಸಿ. ಅಂಗೈಯಲ್ಲಿ ಉಜ್ಜಿದರೆ ತಡೆಯಿರಿ, ಉಗುರು ಬೆಚ್ಚಗಿನ ನೀರನ್ನು ನೀವೇ ತಂದು ಕೊಡಿ. ನಂಬರನ್ನು ಬರೆದಿಟ್ಟುಕೊಳ್ಳಿ. ಮೂರು ಸಲ ಹಾಕಿಸಿಯೂ ನಿಲ್ಲದಿದ್ದರೆ ದನವನ್ನು ಡಾಕ್ಟರರಿಗೆ ತೋರಿಸಿ, ಹಾಕಿದ ಕಡ್ಡಿ ಯಾವುದೆಂದೂ ಅವರಿಗೆ ಹೇಳಿ. ಹೋರಿಯ ಪರೀಕ್ಷೆ ಆಗಿದೆಯೇ ಎಂದು ಕೇಳುವುದರಲ್ಲಿ ನಾಚಿಕೆಯ ಮಾತೇನೂ ಇಲ್ಲ. ಕೇಳದೆ ಒಂದು ಮೂಕಪ್ರಾಣಿಯ ಮೇಲೆ ತಪ್ಪು ಹೊರಿಸಿ, ಬಾಳೆಹಣ್ಣು ತೋರಿಸಿ ಅದನ್ನು ಟೆಂಪೊ ಹತ್ತಿಸುವುದಕ್ಕೆ ನಾಚಬೇಕು.